ಮೂರನೆಯ ಸಾಲು ಹುಡುಕಿಕೊಂಡು ಮಾಗಡಿ ಸೀಮೆಗೆ

ಚನ್ನಪಟ್ಟಣದ ಸ್ಟೇಷನ್ನಿನಲ್ಲಿ ಕ್ಲೋಸ್‌ಪೇಟೆಗೆ ಮೂರನೇ ಕ್ಲಾಸಿನ ಟಿಕೀಟು ಕೊಂಡಾಗ ಮಾಗಿಯ ಮಂಜು ಇನ್ನೂ ಬಿಟ್ಟಿರಲಿಲ್ಲ. ಒಂದೂವರೆ ಆಣೆ. ಒಂದು ಪದದ ಕೊನೆಯ ಸಾಲು ತರಲು ಹೊರಟಿದ್ದೇನೆಂದರೆ ಟಿಕೀಟು ಕೊಟ್ಟವರು ನಕ್ಕುಬಿಡುತ್ತಿದ್ದರು.

ನನ್ನನ್ನು ಸಾಕಿದ ಅಜ್ಜಿಯ ತವರು ಮಾಗಡಿ ಸೀಮೆಯ ಹುಣಸೆದೊಡ್ಡಿ. ಊರ ದನ ಮೇಯುತ್ತಿದ್ದ ಗುಡ್ಡಕ್ಕೆ ಸರ್ಕಾರದವರು ಗಡಿಕಲ್ಲು ನೆಟ್ಟು ಕಾವಲಿಟ್ಟಾಗ ಅಲ್ಲಿಯ ಹೆಂಗಸರು ಸಿಟ್ಟಿನಲ್ಲಿ ಕಟ್ಟಿದ ಪದವನ್ನು ಅಜ್ಜಿ ರಾಗಿ ಬೀಸುತ್ತ ಹೇಳುತ್ತಿದ್ದಳು. ನಾನು ಮಾತು ಕಲಿತದ್ದೇ ಅದನ್ನು ಕೇಳಿ. ಪದದುದ್ದಕ್ಕೂ ಮೂರು ಮೂರು ಸಾಲು. ಕೊನೆಯಲ್ಲಿ ಮಾತ್ರ ಅಜ್ಜಿಗೆ ಎರಡೇ ಬರುತ್ತಿದ್ದವು:

ಕಲ್ಲು ನೆಟ್ಟೋನೆ ಕೇಳೊ, ಹುಲ್ಲೇನು ನಿಮ್ಮಪ್ಪಂದೊ
ಎಲ್ಲಿ ಮೇಯಾಲಿ ನಮ್ಮ ಕೆಂದಾವು…

"ಅಷ್ಟೊತ್ಗೆ ಅವ್ವನ ತೊಡೆ ಮ್ಯಾಲೆ ನಿದ್ದೆ ಹೋಗ್ಬುಡ್ತಿದ್ದೆ ಕಣ್ಲಾ ಮಗ. ಆಮ್ಯಾಕೆ ಮದ್ವೆ ಮಾಡಿ ಕಳುಸ್ಬುಟ್ರು" ಎನ್ನುತ್ತಿದ್ದಳು. ಈಗ ಹಾಸಿಗೆ ಹಿಡಿದಿದ್ದಳು. ನನ್ನ ಹೆಂಡತಿ ಪದ ಕಲಿಸೆಂದರೆ ಅಜ್ಜಿ ಒಪ್ಪಳು. "ಮುಕ್ಕಾಗಿರೋ ಪದವ ಸೊಸೆ ಕೈಗೆ ಹೆಂಗ್ಲಾ ಕೊಡ್ಲಿ?"

ಕ್ಲೋಸ್‌ಪೇಟೆಯಲ್ಲಿ ಇಳಿದು ಮಾಗಡಿ ಕಡೆಯ ಎತ್ತಿನ ಗಾಡಿ ಹತ್ತಿದೆ. ಎರಡೂ ಕಡೆ ಬಂಡೆಗಳು, ನಡುವೆ ಕೆಂಪು ಧೂಳು. ಗಾಡಿ ಹೊಡೆಯುವ ಸಿದ್ದಪ್ಪನಿಗೆ ನನ್ನ ಕೆಲಸ ಕೇಳಿ ತಡೆಯಲಾರದ ನಗು. "ಪದಕ್ಕೆ ಇಷ್ಟು ದೂರವಾ ಸ್ವಾಮಿ? ನಮ್ಮನೆಯವ್ಳು ಬಯ್ಯೋದ್ನೂ ರಾಗವಾಗೇ ಬಯ್ತಾಳೆ. ಬೇಕಾದ್ರೆ ಬಂದು ಕಲ್ತ್ಕೊಂಡ್ಹೋಗಿ!" ಮಧ್ಯಾಹ್ನ ಹೊಂಗೆಯ ನೆರಳಲ್ಲಿ ಅದೇ ಹೆಂಗಸು ಕಟ್ಟಿಕೊಟ್ಟ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ನನಗೂ ಸಿಕ್ಕಿತು. ಬೈಗುಳದ ರುಚಿ ಅದರಲ್ಲಿ ಒಂದಿಷ್ಟೂ ಇರಲಿಲ್ಲ.

ಹೊತ್ತು ಮುಳುಗುವಾಗ ಹುಣಸೆದೊಡ್ಡಿ ಸೇರಿದೆ. ಅಜ್ಜಿಯ ಬಾಲ್ಯದ ಗೆಳತಿ ಕೆಂಪಮ್ಮ ಇನ್ನೂ ಇದ್ದಳು. ಅಜ್ಜಿಯ ಹೆಸರು ಹೇಳಿದೆ.

"ಚಿಕ್ಕತಾಯಿ ಮೊಮ್ಮಗನಾ? ಇನ್ನೂ ಬದ್ಕವ್ಳಾ ಮೂದೇವಿ! ಬೀಸೋ ಕಲ್ಲಿನ ಗೂಟ ಹಿಡ್ಕೊಂಡೇ ಗೊರಕೆ ಹೊಡಿಯೋಳು" ಎಂದು ನಕ್ಕು, ಸೆರಗಿನಿಂದ ಕಣ್ಣೊರೆಸಿಕೊಂಡಳು. ಪದ ಕೇಳಿದ್ದಕ್ಕೆ, "ಬೀಸ್ದೆ ಪದ ಬರಾಕಿಲ್ಲ ಕಣಪ್ಪ, ಬೆಳಗಾಗ್ಲಿ" ಎಂದಳು.

ಬೆಳಗ್ಗೆ ಸೊಸೆಯೊಡನೆ ಕಲ್ಲಿನ ಮುಂದೆ ಕೂತಳು. ಅಜ್ಜಿಯ ರಾಗವೇ, ಅದೇ ಎಳೆತ. ಕೆಂದಾವಿನ ಸಾಲು ಬಂದಾಗ ಅತ್ತೆ ಸೊಸೆ ಇಬ್ಬರೂ ಗೂಟದಿಂದ ಕೈ ತೆಗೆದರು. ಕಲ್ಲು ತಾನಾಗಿ ತುಸು ತಿರುಗಿ ನಿಂತಿತು. ಅದರ ಬಾಯಲ್ಲಿ ಇನ್ನೂ ಒಂದು ಹಿಡಿ ರಾಗಿ ಉಳಿದಿತ್ತು.

"ಮುಂದೆ?" ಎಂದೆ.

"ಮುಂದಕ್ಕಿಲ್ಲ. ದನ ಗುಡ್ಡ ಹತ್ತಿದ್ ದಿನ ಹೇಳಾನ ಅಂತ ನಮ್ಮವ್ವದೀರು ಅಲ್ಲಿಗೇ ಬುಟ್ಟವ್ರೆ. ಆ ಹಿಡಿ ರಾಗೀನೂ ಅಂಗೇಯ, ಬೀಸಾಕಿಲ್ಲ."

ಹೊರಗೆ ಬಂದು ನೋಡಿದೆ. ಗುಡ್ಡದ ಬುಡದಲ್ಲಿ ಗಡಿಕಲ್ಲುಗಳು ಸಾಲಾಗಿ ನಿಂತಿದ್ದವು. ಕಾವಲುಗಾರನ ಗುಡಿಸಲಿನಿಂದ ಹೊಗೆ ಏಳುತ್ತಿತ್ತು.

ಮನೆಗೆ ಬಂದು ಹೇಳಿದಾಗ ಅಜ್ಜಿ ಹಾಸಿಗೆಯಲ್ಲೇ ಮೊಣಕೈಯೂರಿ ತಲೆ ಎತ್ತಿದಳು.

"ಅಂಗಾರೆ ನಾನು ನಿದ್ದೆ ಮಾಡಿ ಕಳ್ಕೊಂಡಿಲ್ವಾ?"

"ಇಲ್ಲ ಕಣಜ್ಜಿ."

"ಕಲ್ಲು ಕಿತ್ತವ್ರಾ?"

"ಇಲ್ಲ, ಅಂಗೇ ಅವೆ."

"ಸೊಸೇನ ಕರಿ" ಎಂದಳು.

ಅಜ್ಜಿಯನ್ನು ಎತ್ತಿ ಬೀಸುವ ಕಲ್ಲಿನ ಹತ್ತಿರ ಕೂರಿಸಿದೆವು. ಗೂಟದ ಮೇಲೆ ನನ್ನ ಹೆಂಡತಿಯ ಕೈ, ಅದರ ಮೇಲೆ ಅಜ್ಜಿಯದು. ದನಿ ನಡುಗಿದರೂ ಪದ ತಪ್ಪಲಿಲ್ಲ. ಕೊನೆಯ ಎರಡು ಸಾಲು ಮುಗಿದದ್ದು ತಿಳಿಯದೆ ಹೆಂಡತಿ ಬೀಸುತ್ತಲೇ ಇದ್ದಳು. ಅಜ್ಜಿ ಅವಳ ಕೈಯನ್ನು ಗಟ್ಟಿಯಾಗಿ ಅದುಮಿ ಕಲ್ಲು ನಿಲ್ಲಿಸಿದಳು.