ಮನೆ ನಂಬರಿನ ಕೆಳಗೆ ಒಂದು ಹೆಸರು

ಮೊನ್ನೆ ಭಾನುವಾರ ಬೆಳಿಗ್ಗೆ ನಮ್ಮ ಸೊಸೈಟಿಯ ಸೆಕ್ರೆಟರಿ ಬಂದು ಬೆಲ್ ಒತ್ತಿದರು. ಕೈಯಲ್ಲಿ ಆಗಷ್ಟೇ ಝೆರಾಕ್ಸ್ ಮಾಡಿಸಿ ತಂದ ಹಾಳೆಗಳ ಕಟ್ಟು. ಮತದಾರರ ಪಟ್ಟಿಗೆ ಹೊಸ ಹೆಸರು ಸೇರಿಸಲು ಒಂದು ಫಾರ್ಮು, ವಿಳಾಸ ಬದಲಿಸಲು ಇನ್ನೊಂದು. ಮೂವತ್ತು ವರ್ಷ ಮೇಷ್ಟರಾಗಿದ್ದವನಿಗೆ ಬಿಸಿ ಝೆರಾಕ್ಸಿನ ವಾಸನೆ ಎಂದರೆ ಪ್ರಶ್ನೆಪತ್ರಿಕೆಯ ವಾಸನೆ. ಮೂಗಿಗೆ ಬಿದ್ದ ಕೂಡಲೇ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಸೆಕ್ರೆಟರಿ ಒಳಗೆ ಇಣುಕಿ, "ಸರ್, ಆಪ್‌ಕೇ ಘರ್ ಮೇ ಅಠರಾ ಸಾಲ್‌ವಾಲಾ ಕೋಯಿ?" ಎಂದು ಹದಿನೆಂಟು ತುಂಬಿದವರ ಬಗ್ಗೆ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ "ನಹೀ ನಾ" ಎಂದು ತಾವೇ ಉತ್ತರ ಹೇಳಿಕೊಂಡು ಪಕ್ಕದ ಬಾಗಿಲಿನತ್ತ ತಿರುಗಿದರು. ಅವರದು ತಪ್ಪಲ್ಲ. ಬಾಗಿಲ ಹೊರಗೆ ಒಂದೇ ಜೊತೆ ಚಪ್ಪಲಿ ಇರುವ ಮನೆ ನನ್ನದು.

ಅವರನ್ನು ಹಿಂದಕ್ಕೆ ಕರೆದು ವಿಳಾಸ ಬದಲಿಸುವ ಫಾರ್ಮು ಒಂದನ್ನು ಕೇಳಿ ಇಟ್ಟುಕೊಂಡೆ. ಯಾಕೆ ಕೇಳಿದೆನೋ ನನಗೇ ಗೊತ್ತಿರಲಿಲ್ಲ ಎಂದು ಬರೆಯಲು ಹೊರಟಿದ್ದೆ. ಅದು ಸುಳ್ಳು. ಗೊತ್ತಿತ್ತು.

ನನ್ನ ಅಕ್ಕನ ಮಗಳು ದೀಕ್ಷಾ ಮೂರು ವರ್ಷ ಮುಂಬಯಿಯ ಈ ಮುಲುಂಡಿನ ಮನೆಯಲ್ಲಿ ನನ್ನ ಜೊತೆ ಇದ್ದಳು. ಅವಳು ಹತ್ತನೆಯ ತರಗತಿಯಲ್ಲಿದ್ದಾಗ ಅಕ್ಕ ತೀರಿಕೊಂಡಳು. ಭಾವ ನಗರದ ಇನ್ನೊಂದು ತುದಿಯ ದಹಿಸರಿನಲ್ಲಿ ಒಂದು ಹೋಟೆಲಿನ ಮ್ಯಾನೇಜರ್. ಬೆಳಿಗ್ಗೆ ಐದಕ್ಕೆ ಹೋದರೆ ಮಗಳು ಮಲಗಿದ ಮೇಲೆ ಬರುವ ಮನುಷ್ಯ. ನಾನು ಪಾಠ ಮಾಡುತ್ತಿದ್ದ ಕಾಲೇಜಿನಲ್ಲೇ ಅವಳಿಗೆ ಸೀಟು ಸಿಕ್ಕಿತು, ಮದುವೆಯಾಗದ ನನ್ನ ಮನೆಯಲ್ಲಿ ಒಂದು ಕೋಣೆ ಖಾಲಿ ಇತ್ತು. ನಮ್ಮ ಮಾತು ತುಳು, ಕನ್ನಡ, ಹಿಂದಿ ಮೂರನ್ನೂ ಒಟ್ಟಿಗೆ ಕಲಸಿದ ಮಾತು. ಅವಳು ಬರುವ ತನಕ ಈ ಮನೆಯಲ್ಲಿ ನಾನು ಗಟ್ಟಿಯಾಗಿ ಮಾತಾಡುತ್ತಿದ್ದುದು ಫೋನಿನಲ್ಲಿ ಮಾತ್ರ.

ನಮ್ಮದು ಅಳಿಯಸಂತಾನದ ಕಟ್ಟು. ಮನೆ ತಾಯಿಯಿಂದ ಮಗಳಿಗೆ ಹೋಗುತ್ತದೆ, ಯಜಮಾನಿಕೆ ಸೋದರಮಾವನಿಗೆ. ಕಾಯಿದೆ ಬದಲಾಗಿ ಎಷ್ಟೋ ಕಾಲವಾಯಿತು. ಮುಂಬಯಿಯ ಮೂರನೆಯ ಮಾಳಿಗೆಯಲ್ಲಿ ಫ್ಯಾನಿನ ಕೆಳಗೆ ಕೂತ ಸೋದರಮಾವನ ತಲೆಯಲ್ಲಿ ಅದು ಬದಲಾಗಲು ಇನ್ನಷ್ಟು ಕಾಲ ಬೇಕಿತ್ತು. ಉಡುಪಿಯ ಹತ್ತಿರ ನಮ್ಮ ಕುಟುಂಬದ ಮನೆ ಒಂದಿದೆ. ವರ್ಷಕ್ಕೊಮ್ಮೆ ದೈವದ ಕೆಲಸಕ್ಕೆ ಬೀಗ ತೆಗೆಯುತ್ತಾರೆ, ಅಷ್ಟೆ. ಆದರೆ ಮತದಾರರ ಪಟ್ಟಿಯಲ್ಲಿ ಆ ಮನೆಗೊಂದು ನಂಬರಿತ್ತು, ನಂಬರಿನ ಕೆಳಗೆ ಅಕ್ಕನ ಹೆಸರಿತ್ತು. ಇಪ್ಪತ್ತು ವರ್ಷ ದಹಿಸರಿನಲ್ಲಿ ಸಂಸಾರ ಮಾಡಿದರೂ ಅಕ್ಕ ಹೆಸರನ್ನು ಅಲ್ಲಿಂದ ತೆಗೆಸಲಿಲ್ಲ. ಚುನಾವಣೆ ಬಂತೆಂದರೆ ಸಯನ್ನಿಗೆ ಬಂದು ರಾತ್ರಿಯ ಬಸ್ಸು ಹತ್ತುತ್ತಿದ್ದಳು, ಮೂರನೆಯ ದಿನ ಒಂದು ಪೊಟ್ಟಣ ಒಣಮೀನಿನ ಜೊತೆ ವಾಪಸಾಗುತ್ತಿದ್ದಳು. ಇಷ್ಟು ದೂರ ಯಾಕೆ ಹೋಗ್ತಿ ಎಂದು ಕೇಳಿದರೆ, "ಅಲ್ಲಿ ನನ್ನನ್ನು ಹೆಸರು ಹಿಡಿದು ಕರೀತಾರೆ ಮಾರಾಯಾ, ಇಲ್ಲಿ ನಂಬ್ರ ಕೇಳ್ತಾರೆ" ಎನ್ನುತ್ತಿದ್ದಳು. ಅದು ಅವಳ ಸುಖ. ನಾನು ಅದನ್ನು ಕುಟುಂಬದ ಕರ್ತವ್ಯ ಎಂದು ತಿಳಿದುಕೊಂಡೆ. ತನ್ನ ನಂತರ ಮಗಳ ಹೆಸರು ಅಲ್ಲಿರಬೇಕು ಎಂದು ಅವಳು ನನ್ನಲ್ಲಿ ಹೇಳಿದ್ದಳು ಎಂದು ಬಹಳ ಕಾಲ ಹೇಳಿಕೊಂಡು ತಿರುಗಿದ್ದೇನೆ. ನಾನು ದಿನವೂ ಡೈರಿ ಬರೆಯುವವನು. ಆ ವರ್ಷಗಳ ಡೈರಿಗಳನ್ನು ಮೊನ್ನೆ ಪುಟ ಪುಟ ತಿರುವಿದೆ. ಅಂಥ ಮಾತು ಎಲ್ಲೂ ಇಲ್ಲ.

ಆರು ವರ್ಷದ ಹಿಂದಿನ ಲೋಕಸಭಾ ಚುನಾವಣೆಗೆ ಮೊದಲು ದೀಕ್ಷಾಳಿಗೆ ಹದಿನೆಂಟು ತುಂಬಿತು. ಆಗ ಅವಳು ಡಿಗ್ರಿಯ ಮೊದಲ ವರ್ಷ. ಕಾಲೇಜಿನಲ್ಲಿ ಫಾರ್ಮು ಹಂಚಿದ್ದರು. ಊಟದ ಮೇಜಿನ ಮುಂದೆ ಕೂತು, ನಾಲಿಗೆಯ ತುದಿ ಹೊರಗೆ ಹಾಕಿಕೊಂಡು, ದೊಡ್ಡಕ್ಷರಗಳಲ್ಲಿ ಈ ಮನೆಯ ವಿಳಾಸ ಬರೆದಳು. ಫೋಟೋ ಚೆನ್ನಾಗಿಲ್ಲ ಎಂದು ಎರಡು ಸಲ ತೆಗೆಸಿದಳು. ಮತ ಯಾರಿಗೆ ಹಾಕುವುದೆಂದು ನನ್ನ ಜೊತೆ ವಾರಗಟ್ಟಲೆ ಜಗಳವಾಡಿದಳು. ಇಲ್ಲಿ ನಿಂತವರ ಹೆಸರು, ಅವರು ಆಡಿದ್ದು, ಮಾಡದೆ ಬಿಟ್ಟದ್ದು ಎಲ್ಲ ಅವಳ ನಾಲಿಗೆಯ ಮೇಲಿತ್ತು. ಫಾರ್ಮನ್ನು ನಾನೇ ಕೊಟ್ಟುಬರುತ್ತೇನೆ ಎಂದು ತೆಗೆದುಕೊಂಡೆ.

ಕೊಡಲಿಲ್ಲ. ಆ ವಾರವೇ ಊರಿನಿಂದ ನನ್ನ ಚಿಕ್ಕಮ್ಮನ ಮಗ ಸುಧಾಕರ ಫೋನು ಮಾಡಿದ್ದ. ಹೊಸ ಪಟ್ಟಿ ಬಂದಿದೆ, ಅಕ್ಕನ ಹೆಸರು ತೆಗೆದಿದ್ದಾರೆ, ಮನೆ ನಂಬರಿನಲ್ಲಿ ಈಗ ಯಾರೂ ಇಲ್ಲ ಎಂದ. "ಹೆಣ್ಣು ಸಂತಾನ ಇದ್ದೂ ನಂಬ್ರ ಖಾಲಿ ಕಾಣುವುದು ಬೇಡ, ಹುಡುಗಿಯ ಪೇಪರ್ ಕಳಿಸು, ನಾನು ನೋಡಿಕೊಳ್ತೇನೆ." ಖಾಲಿ ಎಂಬ ಆ ಒಂದು ಮಾತು ನನ್ನನ್ನು ಹಿಡಿಯಿತು. ಅಕ್ಕ ಸತ್ತಾಗ ಅಳಲಿಲ್ಲ ಎಂದು ನನ್ನನ್ನು ಹೊಗಳಿದವರಿದ್ದಾರೆ. ಫೋನು ಬಂದ ಆ ದಿನ ಕೂತು ದೀಕ್ಷಾಳ ಫೋಟೋ, ಊರಿನ ರೇಷನ್ ಕಾರ್ಡಿನ ಪ್ರತಿ, ಅವಳು ಅಲ್ಲಿಯೇ ವಾಸ ಎಂಬ ನನ್ನ ಕೈಬರಹದ ಸುಳ್ಳು, ಎಲ್ಲವನ್ನೂ ಒಂದು ಲಕೋಟೆಯಲ್ಲಿ ಹಾಕಿ ಕಳಿಸಿದೆ. ಒಬ್ಬರಿಗೆ ಒಂದೇ ಕಡೆ ಮತ, ಅದೂ ವಾಸವಿರುವಲ್ಲಿ ಎಂದು ಪ್ರತಿ ವರ್ಷ ಹನ್ನೊಂದನೆಯ ತರಗತಿಗೆ ರಾಜ್ಯಶಾಸ್ತ್ರದ ಪಾಠ ಮಾಡುತ್ತಿದ್ದವನೂ ಇವನೇ.

ಅವಳಿಗೆ ವಿಷಯ ಗೊತ್ತಾದದ್ದು ಕುಟುಂಬದ ವಾಟ್ಸಾಪ್ ಗ್ರೂಪಿನಿಂದ. ಊರಿನ ಮನೆಗೆ ಅಂಚೆಯಲ್ಲಿ ಬಂದ ಅವಳ ಗುರುತಿನ ಚೀಟಿಯ ಫೋಟೋ ತೆಗೆದು ಸುಧಾಕರ "ನಮ್ಮ ಮನೆಯ ಹೊಸ ಮತದಾರೆ" ಎಂದು ಹೂಗುಚ್ಛದ ಚಿತ್ರದ ಜೊತೆ ಹಾಕಿದ. ಅತ್ತೆಯಂದಿರೆಲ್ಲ ಕೈಮುಗಿದ ಚಿತ್ರ ಹಾಕಿದರು. ಅಷ್ಟರಲ್ಲಿ ಮುಂಬಯಿಯಲ್ಲಿ ಹೆಸರು ಸೇರಿಸುವ ದಿನಗಳು ಮುಗಿದುಹೋಗಿದ್ದವು.

ಆ ಸಂಜೆ ನನ್ನ ನೆನಪಿನಲ್ಲಿ ಇದ್ದದ್ದು ಹೀಗೆ: ದೀಕ್ಷಾ ಕೂಗಾಡಿದಳು, ಕೋಣೆಯ ಬಾಗಿಲು ಬಡಿದುಕೊಂಡಳು, ನಾನು ಹೊರಗೆ ನಿಂತು ಕ್ಷಮೆ ಕೇಳಿದೆ. ವರ್ಷಗಟ್ಟಲೆ ಇದನ್ನೇ ನಂಬಿದ್ದೆ, ಸ್ವಲ್ಪ ಹೆಮ್ಮೆಯಿಂದಲೇ. ಡೈರಿಯಲ್ಲಿ ಇರುವುದು ಬೇರೆ. "ದೀಕ್ಷಾಳಿಗೆ ಗೊತ್ತಾಯಿತು. ಬೇಸರ ಮಾಡಿಕೊಂಡಳು. ತಿಳಿಹೇಳಿದೆ. ರಾತ್ರಿ ಗಂಜಿ."

ತಿಳಿಹೇಳಿದೆ! ನೀವು ಮೇಷ್ಟರ ಮನೆಯಲ್ಲಿ ಬೆಳೆದವರಾದರೆ ಆ ಶಬ್ದದ ಉದ್ದ ಎಷ್ಟೆಂದು ಗೊತ್ತಿರುತ್ತದೆ. ಅದನ್ನು ಓದಿದ ಮೇಲೆ ನಿಜವಾದ ಸಂಜೆ ನಿಧಾನವಾಗಿ ಎದ್ದು ಬಂತು. ಅವಳು ಕೂಗಲಿಲ್ಲ. ಅಡುಗೆಮನೆಯ ಕಟ್ಟೆಗೆ ಒರಗಿ ನಿಂತಿದ್ದಳು.

"ಮಾವ, ಆ ಫಾರ್ಮ್‌ನಲ್ಲಿ ನಾನು ಇಲ್ಲಿಯ ಅಡ್ರೆಸ್ ಬರೆದಿದ್ದೆ. ನೀವು ಕೊಡ್ತೇನೆ ಅಂತ ತಗೊಂಡ್ರಿ."

"ಎಲ್ಲಿ ಹಾಕಿದ್ರೂ ವೋಟು ವೋಟೇ ಅಲ್ವಾ."

"ಹಾಗಾದ್ರೆ ನಿಮ್ಮ ಹೆಸರು ಯಾಕೆ ಮುಲುಂಡ್‌ನಲ್ಲಿ ಉಂಟು?"

ಅದಕ್ಕೆ ಉತ್ತರ ಇರಲಿಲ್ಲವಾದ್ದರಿಂದ ಅರ್ಧ ಗಂಟೆ ಮಾತಾಡಿದೆ. ತಾಯಿಯ ಮನೆ, ಬೇರು, ಹೆಣ್ಣುಮಕ್ಕಳಿಂದ ಉಳಿಯುವ ಕುಟುಂಬ. ಅವಳು ಪೂರ್ತಿ ಕೇಳಿಸಿಕೊಂಡಳು. ಕೊನೆಗೆ, ಅಲ್ಲಿ ಯಾರು ನಿಂತಿದ್ದಾರೆ, ಅಲ್ಲಿಯ ಜನರಿಗೆ ಏನು ಬೇಕು ಎಂದು ತನಗೆ ಒಂದೂ ಗೊತ್ತಿಲ್ಲ, ಗೊತ್ತಿಲ್ಲದ ಊರಿಗೆ ಹೋಗಿ ಬಟನ್ ಒತ್ತುವುದು ತನ್ನಿಂದ ಆಗದು ಎಂದಳು. ಊರಿನಲ್ಲಿ ಮತದಾನ ಮುಂಬಯಿಗಿಂತ ಹತ್ತು ಹನ್ನೆರಡು ದಿನ ಮೊದಲೇ ಇತ್ತು. ಇಬ್ಬರಿಗೂ ಬಸ್ಸಿನ ಟಿಕೆಟು ತೆಗೆಸಿಟ್ಟಿದ್ದೆ. ಪರೀಕ್ಷೆ ಇದೆ ಎಂದಳು, ಪರೀಕ್ಷೆ ಇತ್ತು ಕೂಡ. ಟಿಕೆಟು ರದ್ದು ಮಾಡಿಸಿದೆ.

ಮುಂಬಯಿಯ ಮತದಾನದ ದಿನ ಎಂದಿನಂತೆ ನನಗೆ ಚುನಾವಣಾ ಡ್ಯೂಟಿ. ಒಂದು ಮುನಿಸಿಪಲ್ ಶಾಲೆಯಲ್ಲಿ, ಮಕ್ಕಳು ಕೂರುವ ಗಿಡ್ಡ ಬೆಂಚಿನ ಮೇಲೆ ಕೂತು, ಬಂದವರ ಬೆರಳಿಗೆಲ್ಲ ಶಾಯಿ ಹಚ್ಚಿದೆ. ಮಧ್ಯಾಹ್ನ ಬೂತು ಖಾಲಿಯಾದಾಗ ಜೊತೆಯ ಮೇಷ್ಟರು, ಈಗಿನ ಹುಡುಗರಿಗೆ ಒಂದು ದಿನ ರಜೆ ಸಿಕ್ಕರೆ ಸಾಕು, ಲೋನಾವಳಾಕ್ಕೆ ಓಡುತ್ತಾರೆ ಎಂದರು. ನಾನು ತಲೆಯಾಡಿಸಿದೆ. ನಾಲ್ಕು ಸ್ಟಾಪು ಆಚೆ ನನ್ನ ಮನೆಯಲ್ಲಿ ಮತ ಹಾಕಬೇಕೆಂದಿದ್ದ ಒಬ್ಬ ಹುಡುಗಿ ಕಿಟಕಿಯ ಬಳಿ ಕೂತಿದ್ದಳು, ನಾನು ತಲೆಯಾಡಿಸಿದೆ.

ಜೂನ್‌ನಲ್ಲಿ ಅವಳು ದಹಿಸರಿಗೆ ಹಿಂತಿರುಗಿದಳು. ಅಲ್ಲಿಂದ ಕಾಲೇಜಿಗೆ ಲೋಕಲ್ ಗಾಡಿ ಅನುಕೂಲ ಎಂದಳು. ಎರಡು ಗಾಡಿ ಬದಲಿಸಬೇಕಾದ ಅನುಕೂಲ. ಆಮೇಲೆ ಹಬ್ಬಕ್ಕೊಂದು ಫೋನು. ನಾನು ಪ್ರತಿ ಸಲವೂ, ಊರಿಗೆ ಯಾವಾಗ ಹೋಗ್ತಿ ಎಂದು ಕೇಳುತ್ತಿದ್ದೆ.

ಹಾಗೆ ಮೊನ್ನೆ ಭಾನುವಾರ ಮಧ್ಯಾಹ್ನ ಫಾರ್ಮು ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಹೊರಟೆ. ದಾದರಿನಲ್ಲಿ ಸೇತುವೆ ದಾಟಿ ಪಶ್ಚಿಮದ ಲೈನಿನ ಗಾಡಿ ಹಿಡಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ವಾಕ್ಯ ಕಟ್ಟಿದೆ. ಕಟ್ಟಿದ್ದೆಲ್ಲ ಪಾಠದ ಮುನ್ನುಡಿಯ ಹಾಗೇ ಕೇಳಿಸುತ್ತಿತ್ತು.

ಬಾಗಿಲು ತೆರೆದ ದೀಕ್ಷಾ ನನ್ನನ್ನು ನೋಡಿ ಬೆಚ್ಚಿದಳು. "ಮಾವ? ಯಾರಿಗೆ ಏನಾಯ್ತು?" ನಮ್ಮವರ ಮನೆಗಳಲ್ಲಿ ಸೋದರಮಾವ ಫೋನು ಮಾಡದೆ ಬಂದನೆಂದರೆ ಯಾರೋ ಸತ್ತಿದ್ದಾರೆಂದೇ ಅರ್ಥ. ಯಾರಿಗೂ ಏನೂ ಆಗಿಲ್ಲ ಎಂದು ನಂಬಿಸಲು ಸ್ವಲ್ಪ ಹೊತ್ತು ಬೇಕಾಯಿತು. ಭಾವ ಹೋಟೆಲಿನಲ್ಲಿದ್ದರು. ಅವಳಿಗೆ ಕನ್ನಡಕ ಬಂದಿದೆ, ಒಂದು ಕೊರಿಯರ್ ಆಫೀಸಿನಲ್ಲಿ ಕೆಲಸ. ಫಾರ್ಮನ್ನು ಮೇಜಿನ ಮೇಲೆ ಇಟ್ಟೆ. ಅವಳು ಅದನ್ನು ಓದಿ, ತಿರುಗಿಸಿ ನೋಡಿ, ಸ್ವಲ್ಪ ನಕ್ಕಳು.

"ಇದು ನಾನು ಎರಡು ವರ್ಷ ಹಿಂದೆಯೇ ಮಾಡಿದೆ ಮಾವ. ಫೋನ್‌ನಲ್ಲೇ ಆಗ್ತದೆ. ಏಕ್ ಬಾರ್ ರಿಜೆಕ್ಟ್ ಆಯ್ತು, ಲೈಟ್ ಬಿಲ್ ಸರಿ ಇಲ್ಲ ಅಂತ. ಫಿರ್ ಸೆ ಹಾಕಿದೆ."

ಹಾಗಾದರೆ ಹೋದ ವರ್ಷ ಮತ ಹಾಕಿದೆಯಾ ಎಂದು ಕೇಳಿದೆ. ಹಾಕಿದೆ ಎಂದಳು. ಸೋಮವಾರದ ರಜೆ, ಗೆಳತಿಯರೆಲ್ಲ ನಿಜವಾಗಿಯೂ ಲೋನಾವಳಾಕ್ಕೆ ಹೋಗಿದ್ದರಂತೆ, ಇವಳನ್ನೂ ಕರೆದಿದ್ದರು. ಬಿಸಿಲಿನಲ್ಲಿ ಒಂದೂವರೆ ಗಂಟೆ ನಿಂತಳಂತೆ. ಸಾಲಿನಲ್ಲಿ ಎಲ್ಲ ಅಂಕಲ್, ಆಂಟಿಗಳೇ. ಒಬ್ಬರು ಇದು ಮೊದಲ ಮತವಾ ಎಂದು ಕೇಳಿದಾಗ, ಇಪ್ಪತ್ತಮೂರು ವರ್ಷಕ್ಕೆ ಹೌದು ಎನ್ನಲು ನಾಚಿಕೆಯಾಯಿತಂತೆ. ಹೊರಗೆ ಬಂದು ಬೆರಳು ತೋರಿಸಿಕೊಂಡು ಒಂದು ಸೆಲ್ಫಿ ತೆಗೆದಳಂತೆ. ಗೆಳತಿಯರ ಗ್ರೂಪಿನಲ್ಲಿ ಬೆಟ್ಟದ ಫೋಟೋಗಳೇ ಬರುತ್ತಿದ್ದವು, ಅಲ್ಲಿ ಹಾಕಲಿಲ್ಲ. ಅಪ್ಪನಿಗೆ ಅದು ಹೋಟೆಲಿನ ಊಟದ ಹೊತ್ತು, ಫೋನು ನೋಡುವ ಬಿಡುವಿಲ್ಲ.

"ನಿಮಗೆ ಕಳಿಸುವಾ ಅಂತ ತೆಗೆದಿಟ್ಟಿದ್ದೆ. ಮತ್ತೆ ಬೇಡ ಅನಿಸ್ತು."

"ಯಾಕೆ?"

"ನೀವು ಫೋಟೋ ನೋಡ್ತಿರ್ಲಿಲ್ಲ ಮಾವ. ಊರಿಂದ ಹೆಸರು ತೆಗೆದ್ಯಾ ಅಂತ ಕೇಳ್ತಿದ್ರಿ."

ಕೇಳುತ್ತಿದ್ದೆ. ಈಗ, ಅಲ್ಲಿ ಕೂತಿದ್ದಾಗಲೂ, ಆ ಪ್ರಶ್ನೆ ಬಾಯಿಯ ತನಕ ಬಂದಿತ್ತು. ಕಟ್ಟಿಕೊಂಡು ಹೋದ ವಾಕ್ಯಗಳು ಒಂದೂ ಉಪಯೋಗಕ್ಕೆ ಬರಲಿಲ್ಲ. "ನನ್ನದು ತಪ್ಪಾಯ್ತು ಮಗಾ" ಎಂದೆ, ಅಷ್ಟೇ. ಇದನ್ನು ನಾನು ಹೇಳಿದ್ದು ನಿಜ. ಅನುಮಾನ ಬರಬಾರದೆಂದು ಮರಳಿ ಬರುವಾಗ ಗಾಡಿಯಲ್ಲೇ ಬರೆದುಕೊಂಡಿದ್ದೇನೆ. ಅವಳು ಎದ್ದು, ಚಾ ಕುಡಿದು ಹೋಗಿ ಎಂದಳು. ಕುಡಿದೆ. ಊರಿನ ಸುದ್ದಿ ಎತ್ತಲಿಲ್ಲ. ಎತ್ತದೆ ಕೂತಾಗ ನಮ್ಮಿಬ್ಬರ ನಡುವೆ ಮಾತಾಡಲು ಎಷ್ಟು ಕಡಿಮೆ ಉಳಿದಿದೆ ಎಂದು ತಿಳಿಯಿತು. ಕೊರಿಯರ್ ಆಫೀಸಿನ ಬಗ್ಗೆ ಕೇಳಿದೆ. ಹೇಳಿದಳು.

ದಹಿಸರಿನ ಪ್ಲಾಟ್‌ಫಾರ್ಮಿನಲ್ಲಿ ಗಾಡಿಗೆ ಕಾಯುತ್ತಿದ್ದಾಗ ಫೋನು ಮಿಸುಕಿತು. ಅವಳ ಫೋಟೋ, ಜೊತೆಗೆ ಒಂದು ಅಕ್ಷರವೂ ಇಲ್ಲ. ಹಿಂದೆ ಶಾಲೆಯ ಗೇಟು, ಬಿಸಿಲಿಗೆ ಕಿರಿದಾದ ಕಣ್ಣು, ಎತ್ತಿ ಹಿಡಿದ ಬೆರಳು. ಬೆರಳಿನ ಹಿಂದೆ ಅಕ್ಕನದೇ ಹಣೆ. ದಾದರಿನ ತನಕ ಅದನ್ನೇ ನೋಡುತ್ತಾ ಬಂದೆ.

ಮನೆಗೆ ಬಂದು ಹೋದ ವರ್ಷದ ಡೈರಿ ತೆಗೆದೆ. ಮತದಾನದ ದಿನದ ಪುಟದಲ್ಲಿ ನನ್ನ ಅಕ್ಷರ ಎಂದಿಗಿಂತ ಚೆನ್ನಾಗಿದೆ. "ಏಳಕ್ಕೇ ಹೋಗಿ ಮತ ಹಾಕಿ ಬಂದೆ. ಸಾಲಿನಲ್ಲಿ ಒಬ್ಬ ಹುಡುಗನೂ ಇಲ್ಲ, ಹುಡುಗಿಯೂ ಇಲ್ಲ. ಈ ತಲೆಮಾರಿಗೆ ಏನೂ ಬೇಡ. ಮಧ್ಯಾಹ್ನ ನಿದ್ದೆ. ಯಾರ ಫೋನೂ ಇಲ್ಲ."

ಹೊಡೆದುಹಾಕಲು ಪೆನ್ನು ಎತ್ತಿದೆ, ಹಾಕಲಿಲ್ಲ. ಬರೆದವನು ನಾನೇ, ಇರಲಿ. ಅದರ ಕೆಳಗೆ, ಉಳಿದಿದ್ದ ಎರಡು ಗೆರೆಗಳ ಜಾಗದಲ್ಲಿ ಬರೆದೆ: "ಈ ದಿನ ದೀಕ್ಷಾ ದಹಿಸರಿನಲ್ಲಿ ಮೊದಲ ಸಲ ಮತ ಹಾಕಿದಳು. ಒಬ್ಬಳೇ ಹೋಗಿದ್ದಳು. ನನಗೆ ಹೇಳಬೇಕೆಂದಿದ್ದಳು."