ಮೆಟ್ಟಿಲಿನವರೆಗೆ ಬಂದ ನೆಟ್‌ವರ್ಕ್

ನನ್ನ ತಮ್ಮನಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ. ಮಾತೂ ಬರಲಿಲ್ಲ. ನನಗಿಂತ ಹತ್ತು ವರ್ಷ ಚಿಕ್ಕವನು. ಅವನು ಇನ್ನೂ ಅಂಗಳದಲ್ಲಿ ತಪ್ಪುಹೆಜ್ಜೆ ಇಡುತ್ತಿದ್ದಾಗಲೇ ಅಮ್ಮ, ಅವನು ಮತ್ತು ನಾನು ಸೇರಿ ನಮ್ಮದೇ ಒಂದು ಕೈಮಾತು ಮಾಡಿಕೊಂಡಿದ್ದೆವು. ಹಣೆಯ ನಡುವೆ ಬೆರಳಿಟ್ಟರೆ ಅಮ್ಮ. ಮೀಸೆ ತಿರುವಿದರೆ ಅಪ್ಪ. ಎರಡೂ ಕೈಗಳನ್ನು ಕಿವಿಯ ಕೆಳಗಿನಿಂದ ಎದೆಯವರೆಗೆ ಎಳೆದು ಜಡೆ ತೋರಿಸಿದರೆ ಅದು ನಾನು. ಈಗ ನನಗೆ ನಲವತ್ತಾರು. ಕೂದಲನ್ನು ಕತ್ತಿನ ಮಟ್ಟಕ್ಕೆ ಕತ್ತರಿಸಿಕೊಂಡು ಎಷ್ಟೋ ವರ್ಷವಾಯಿತು. ಅವನಿಗೆ ಮಾತ್ರ ನಾನು ಇವತ್ತಿಗೂ ಎರಡು ಜಡೆಯ ಅಕ್ಕ.

ಗೋವಿಂದರಾಜನಗರದಲ್ಲಿರುವ ನಮ್ಮ ಮನೆ ಅಪ್ಪ ಕಟ್ಟಿಸಿದ್ದು. ಅಗಲ ಕಡಿಮೆ, ಎತ್ತರ ಜಾಸ್ತಿ. ಕೆಳಗೆ ನಾನಿರುತ್ತೇನೆ. ಮೊದಲ ಮಹಡಿಯಲ್ಲಿ ಬಾಗಲಕೋಟೆ ಕಡೆಯಿಂದ ಬಂದ ಬಾಡಿಗೆಯವರು. ಅದರ ಮೇಲೆ, ತಾರಸಿಯಲ್ಲಿ, ನೀರಿನ ಟ್ಯಾಂಕಿನ ಪಕ್ಕ ತಮ್ಮನ ಕೋಣೆ. ಅವನು ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮೆಷಿನ್ ನಡೆಸುತ್ತಿದ್ದ. ನಾನು ಬಸವೇಶ್ವರನಗರದ ಶಾಲೆಯೊಂದರ ಆಫೀಸಿನಲ್ಲಿ ಗುಮಾಸ್ತೆ. ನನ್ನ ಮದುವೆಯ ಮಾತು ಹಲವು ಸಲ ಬಂದು, ಹೋಗಿ, ಕೊನೆಗೆ ಯಾರೂ ಎತ್ತದ ಹಾಗಾಗಿತ್ತು. ಅಪ್ಪ, ಆಮೇಲೆ ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ನಾವಿಬ್ಬರೇ. ಬೆಳಿಗ್ಗೆ ಅವನ ಡಬ್ಬಿ ಕಟ್ಟುವುದು, ಸಂಜೆ ಅವನು ಬರುವ ಹೊತ್ತಿಗೆ ಬಾಗಿಲ ಕಡೆ ನೋಡುವುದು ನನಗೆ ಎಷ್ಟು ರೂಢಿಯಾಗಿತ್ತೆಂದರೆ, ಅದು ಇಲ್ಲದ ದಿನ ಹೇಗಿರಬಹುದು ಎಂದು ಯೋಚಿಸಿಯೇ ಇರಲಿಲ್ಲ.

ಒಂದು ಭಾನುವಾರ ಅವನು ಕಿವುಡರ ಸಂಘದವರ ಕೂಟಕ್ಕೆ ಹೋಗಿ ಬಂದವನು, ಫೋನಿನಲ್ಲಿ ಒಂದು ಫೋಟೋ ತೋರಿಸಿದ. ದಾವಣಗೆರೆಯ ಹೆಂಗಸು. ಅವಳಿಗೂ ಕೇಳಿಸುವುದಿಲ್ಲ. ಹೊಲಿಗೆ ಕಲಿಸುತ್ತಾಳೆ. "ಫ್ರೆಂಡ್" ಎಂದು ಕೈಯಲ್ಲಿ ಹೇಳಿದ. ಅವನ ಕಿವಿ ಕೆಂಪಾಗಿತ್ತು.

ಅಂದಿನಿಂದ ದಿನವೂ ಸಂಜೆ ಏಳು ಗಂಟೆಗೆ ವೀಡಿಯೋ ಕಾಲ್. ಬರೆಯುವ ಕನ್ನಡ ಅವನಿಗೆ ಯಾವಾಗಲೂ ಕಷ್ಟವೇ. ಮೆಸೇಜಿನಲ್ಲಿ ಎರಡು ಪದಕ್ಕಿಂತ ಹೆಚ್ಚು ಬರೆದವನಲ್ಲ. ಕೈಯಲ್ಲಾದರೆ ಗಂಟೆಗಟ್ಟಲೆ ಮಾತಾಡಬಲ್ಲ. ಆದರೆ ವೈಫೈ ಡಬ್ಬಿ ಇದ್ದದ್ದು ಕೆಳಗೆ, ನನ್ನ ಹಾಲಿನ ಟಿವಿ ಪಕ್ಕದಲ್ಲಿ. ನಡುವೆ ಎರಡು ಕಾಂಕ್ರೀಟ್ ಚಾವಣಿ. ಅವನ ಕೋಣೆಯಲ್ಲಿ ಫೋನಿನ ಸ್ವಂತ ನೆಟ್ಟೂ ಸರಿಯಾಗಿ ಬರುತ್ತಿರಲಿಲ್ಲ. ಚಿತ್ರ ಅರ್ಧಕ್ಕೇ ನಿಂತುಬಿಡುತ್ತಿತ್ತು. ನಮಗಾದರೆ ಚಿತ್ರ ಹೋದರೂ ದನಿ ಕೇಳಿಸುತ್ತದೆ, ಹಲೋ ಹಲೋ ಎಂದಾದರೂ ಅನ್ನಬಹುದು. ಅವನಿಗೆ ಚಿತ್ರ ನಿಂತರೆ ಮಾತೇ ನಿಂತ ಹಾಗೆ.

ಹಾಗಾಗಿ ಅವನು ಕೆಳಗಿಳಿದು ಬಂದು, ಮೊದಲ ಮಹಡಿಗೂ ಕೆಳಗಿನ ಮೆಟ್ಟಿಲ ತಿರುವಿನಲ್ಲಿ ನಿಲ್ಲತೊಡಗಿದ. ಅಲ್ಲೊಂದು ಗ್ರಿಲ್ ಇದೆ. ಫೋನನ್ನು ಅದಕ್ಕೆ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿ, ಎರಡೂ ಕೈ ಬಿಡುವು ಮಾಡಿಕೊಂಡು ಮಾತಾಡುತ್ತಿದ್ದ. ನನ್ನ ಅಡುಗೆಮನೆಯ ಕಿಟಕಿಯಿಂದ ಆ ತಿರುವು ನೇರವಾಗಿ ಕಾಣುತ್ತದೆ.

ನಾನು ನೋಡತೊಡಗಿದೆ. ಮೊದಮೊದಲು ತರಕಾರಿ ಹೆಚ್ಚುತ್ತಾ, ಸುಮ್ಮನೆ. ಆಮೇಲೆ ಹೆಚ್ಚುವುದನ್ನೇ ಆ ಹೊತ್ತಿಗೆ ಇಟ್ಟುಕೊಂಡೆ. ಅವರಿಬ್ಬರೂ ಆಡುತ್ತಿದ್ದದ್ದು ಕಿವುಡರ ಶಾಲೆಯಲ್ಲಿ ಕಲಿತ ಕೈಮಾತು, ನಮ್ಮ ಮನೆಯದಲ್ಲ. ನೂರರಲ್ಲಿ ಹತ್ತು ಸನ್ನೆಯೂ ನನಗೆ ತಿಳಿಯುತ್ತಿರಲಿಲ್ಲ. ಆದರೆ ಒಂದು ಮಾತ್ರ ಎಷ್ಟು ದೂರದಿಂದಲೂ ಗೊತ್ತಾಗುತ್ತಿತ್ತು. ಎರಡೂ ಕೈ ಕಿವಿಯ ಕೆಳಗಿನಿಂದ ಎದೆಯವರೆಗೆ. ಅಕ್ಕ.

ದಿನಕ್ಕೆ ಒಂದು ಸಲ, ಎರಡು ಸಲ, ಕೆಲವು ದಿನ ಐದಾರು ಸಲ ಜಡೆ ಬರುತ್ತಿತ್ತು. ಜಡೆಯ ನಂತರ ನನಗೆ ತಿಳಿಯದ ಏನೇನೋ. ಒಮ್ಮೆ ಜಡೆ, ಆಮೇಲೆ ಬಾಗಿಲು ಮುಚ್ಚಿದಂಥ ಸನ್ನೆ, ಆಮೇಲೆ ಎರಡೂ ಅಂಗೈ ಕೆಳಗೆ ಬಿಟ್ಟ. ಆ ಮೂರು ಸನ್ನೆ ಇಡೀ ವಾರ ನನ್ನ ತಲೆಯಲ್ಲಿ ಸುತ್ತಿತು. ಆಫೀಸಿನಲ್ಲಿ ಟಿಸಿ ಬರೆಯುವಾಗ ಮಗುವಿನ ಅಪ್ಪನ ಹೆಸರಿರಬೇಕಾದಲ್ಲಿ ಅಮ್ಮನ ಹೆಸರು ಬರೆದು, ಹಾಳೆ ಹರಿದು, ಮತ್ತೆ ಬರೆದೆ. ಬಾಗಿಲು ಮುಚ್ಚುವುದು ಅಂದರೆ ಏನು? ಅಕ್ಕ ಬಾಗಿಲು ಹಾಕಿದಳು ಎಂದೇ? ಅಕ್ಕನ ಬಾಗಿಲು ಸಾಕು ಎಂದೇ?

ಒಂದು ಸಂಜೆ ಅವನು ಬಂದು ಕೇಳಿದ. ಅವನ ಕೈಮಾತನ್ನು ಇಲ್ಲಿ ಬಾಯಿಮಾತಿನಂತೆ ಬರೆಯುತ್ತೇನೆ.

"ಮೇಲೆ ನೆಟ್ ಬರೋ ಹಾಗೆ ಮಾಡ್ಸು ಅಕ್ಕ. ಎದುರುಮನೆಯವ್ರು ಬಾಲ್ಕನೀಲಿ ಕೂತು ನೋಡ್ತಾರೆ."

ನಾನು ಮಾರೇನಹಳ್ಳಿಯ ಕಂಪ್ಯೂಟರ್ ಅಂಗಡಿಗೆ ಹೋದೆ. ಅಂಗಡಿಯವರು ಗೋಡೆಯ ಪ್ಲಗ್ಗಿಗೆ ಸಿಗಿಸುವ, ವೈಫೈ ಹಿಡಿದು ಮುಂದಕ್ಕೆ ದಾಟಿಸುವ, ಅಂಗೈಯಗಲದ ಒಂದು ರಿಪೀಟರ್ ಕೊಟ್ಟರು. ತಂದು ನೇರವಾಗಿ ತಮ್ಮನ ಕೋಣೆಯಲ್ಲೇ ಸಿಗಿಸಿದೆ. ಕೆಂಪು ದೀಪ ಬಂತು, ಹಾಗೇ ಉಳಿಯಿತು. ಮರುದಿನ ಅದನ್ನು ಚೀಲದಲ್ಲಿ ಹಾಕಿಕೊಂಡು ಮತ್ತೆ ಹೋದೆ.

"ಮೇಡಂ, ನೆಟ್ ಇಲ್ಲದಿರೋ ಜಾಗದಲ್ಲಿ ಇಟ್ರೆ ಅದು ಪಾಪ ಎಲ್ಲಿಂದ ತರ್ಬೇಕು?" ಎಂದರು ಅಂಗಡಿಯವರು. "ಅರ್ಧ ದಾರೀಲಿ ಇಡಿ. ನಿಮ್ಮ ಫಸ್ಟ್ ಫ್ಲೋರಲ್ಲಿ ಒಂದು ಪ್ಲಗ್ ಪಾಯಿಂಟ್ ಸಿಕ್ರೆ ಸಾಕು, ಮೇಲಕ್ಕೆ ಆರಾಮಾಗಿ ಹೋಗತ್ತೆ."

ಮೊದಲ ಮಹಡಿ ಎಂದರು. ನಾನು ಸರಿಯಾಗಿಯೇ ಕೇಳಿಸಿಕೊಂಡೆ. ಮನೆಗೆ ಬಂದು ಆ ರಿಪೀಟರನ್ನು ಮೆಟ್ಟಿಲ ತಿರುವಿನಲ್ಲಿ, ಗ್ರಿಲ್ಲಿನ ಪಕ್ಕ ದೀಪಕ್ಕೆಂದು ಹಾಕಿಸಿದ್ದ ಪಾಯಿಂಟಿಗೆ ಸಿಗಿಸಿದೆ. ತಿರುವಿನಲ್ಲಿ ನೆಟ್ ಅದ್ಭುತವಾಗಿ ಬಂತು. ಮೇಲಿನ ಕೋಣೆಗೆ ಏನೂ ಹೋಗಲಿಲ್ಲ.

ತಮ್ಮ ಫೋನ್ ಹಿಡಿದು ಮೇಲೆ ಕೆಳಗೆ ಓಡಾಡಿ ನೋಡಿ, ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದ.

"ಇಷ್ಟೇ ಬರೋದಂತೆ," ಎಂದೆ.

ಅವನು ನಂಬಿದ. ಚಿಕ್ಕಂದಿನಿಂದಲೂ ಹೊರಗಿನವರ ಮಾತನ್ನು ನಾನು ಹೇಳಿಯೇ ಅವನು ತಿಳಿಯುತ್ತಿದ್ದದ್ದು. ಡಾಕ್ಟರು ಏನೆಂದರು, ಕಂಡಕ್ಟರ್ ಏನೆಂದ, ಅವನ ಮಾಲೀಕರು ಏನೆಂದರು, ಎಲ್ಲವೂ ನನ್ನ ಕೈಯಿಂದ ಅವನಿಗೆ ಹೋಗಿದ್ದು. ಅಷ್ಟು ವರ್ಷಗಳಲ್ಲಿ ನಾನು ಒಂದು ಮಾತನ್ನೂ ತಿರುಚಿರಲಿಲ್ಲ. ಇದು ಮೊದಲನೆಯದು.

ಎರಡು ತಿಂಗಳು ಹೀಗೆಯೇ ನಡೆಯಿತು. ನನಗೆ ಸಮಾಧಾನವೇನೂ ಸಿಗಲಿಲ್ಲ. ಏಳಕ್ಕೆ ಕಾಲು ಗಂಟೆ ಇದೆ ಎನ್ನುವಾಗಲೇ ಕಾಲು ತಾನಾಗಿ ಅಡುಗೆಮನೆಗೆ ಹೋಗುತ್ತಿತ್ತು. ಅವನು ನಗುವುದು ಕಂಡರೆ ಏಕೆ ನಕ್ಕ ಎಂಬ ಯೋಚನೆ. ನಗದಿದ್ದರೆ ಅದೂ ಒಂದು ಯೋಚನೆ. ಅವನು ಬರಬರುತ್ತಾ ಕಿಟಕಿಗೆ ಬೆನ್ನು ಮಾಡಿ ನಿಲ್ಲತೊಡಗಿದ. ಆಗ ನಾನು ಬರೀ ಮೊಣಕೈಗಳ ಅಲುಗಾಟ ನೋಡಿ ಊಹಿಸುತ್ತಿದ್ದೆ. ಸಾರಿಗೆ ಎರಡೆರಡು ಸಲ ಉಪ್ಪು ಹಾಕಿದ ದಿನಗಳಿವೆ.

ಒಂದು ದಿನ ಮೊದಲ ಮಹಡಿಯ ಹೆಂಗಸು ಬಟ್ಟೆ ಒಣಹಾಕಿ, ಕೆಳಗೆ ನನ್ನ ಬಾಗಿಲವರೆಗೂ ಇಳಿದು ಬಂದು ನಿಂತರು.

"ಅಕ್ಕಾರ, ಒಂದ್ ಮಾತ್ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ತಮ್ಮಗ ಮ್ಯಾಲೆ ನೆಟ್ ಬರೂಹಂಗ ಮಾಡ್ರಿ. ನಾವ್ ಫೋನಿನ್ಯಾಗ ಮಾತಾಡೂದನ್ನ ಎಲ್ಲಾರೂ ನಿಂತು ಕೇಳಿದ್ರ ನಮಗ ಹೆಂಗ ಆಕ್ಕೈತ್ರಿ? ಹಂಗ ಅವರಿಗೂ. ಆ ಡಬ್ಬಿ ಬೇಕಾರ ನಮ್ಮನ್ಯಾಗ ಇಟ್ಕೊಂತೀವಿ. ಪ್ಲಗ್ ಖಾಲಿ ಐತಿ."

"ನಿಮಗ್ಯಾಕೆ ತೊಂದರೆ," ಎಂದೆ. "ನೋಡೋಣ, ಬೇರೆ ಏನಾದ್ರೂ ಮಾಡಿಸ್ತೀನಿ."

ಅವರು ನನ್ನ ಮುಖವನ್ನು ಒಂದು ಕ್ಷಣ ಹೆಚ್ಚೇ ನೋಡಿದರು. "ತೊಂದ್ರಿ ಏನಿಲ್ರಿ," ಎಂದು ಮೇಲೆ ಹೋದರು. ನಾನು ಏನೂ ಮಾಡಿಸಲಿಲ್ಲ.

ಅದಾಗಿ ಕೆಲವೇ ದಿನಕ್ಕೆ ಜೋರು ಮಳೆ ಬಂತು. ಗಾಳಿಗೆ ಗ್ರಿಲ್ಲಿನಿಂದ ಎರಚಲು ಹೊಡೆದು ತಿರುವೆಲ್ಲ ನೀರಾಯಿತು. ತಮ್ಮ ಅಂಗಿಯಂಚಿನಿಂದ ಫೋನ್ ಒರೆಸಿಕೊಳ್ಳುತ್ತಾ ಮಾತಾಡುತ್ತಿದ್ದವನು, ಕೊನೆಗೆ ರಿಪೀಟರನ್ನೇ ಕಿತ್ತುಕೊಂಡು ಒಳಗೆ ಬಂದ. ಎತ್ತಿಡಲೆಂದು ಶೋಕೇಸಿನ ಡ್ರಾಯರ್ ಎಳೆದರೆ ಅಲ್ಲಿ ಅದರ ಪೆಟ್ಟಿಗೆ ಇತ್ತು. ಪೆಟ್ಟಿಗೆಯೊಳಗೆ ಒಂದು ಮಡಿಸಿದ ಹಾಳೆ. ಓದಲು ಕಷ್ಟಪಡುವವನಿಗೆ ಓದುವ ಅಗತ್ಯವೇ ಬೀಳಲಿಲ್ಲ. ಅದರಲ್ಲಿ ಚಿತ್ರವಿತ್ತು. ಮೂರು ಅಂತಸ್ತಿನ ಒಂದು ಮನೆ, ಕೆಳಗೆ ವೈಫೈ ಡಬ್ಬಿ, ನಡುವಿನ ಅಂತಸ್ತಿನಲ್ಲಿ ರಿಪೀಟರ್, ಮೇಲೆ ಫೋನ್ ಹಿಡಿದು ನಗುತ್ತಿರುವ ಒಬ್ಬ ಮನುಷ್ಯ.

ಅವನು ಆ ಹಾಳೆಯನ್ನು ನನ್ನ ಮುಂದೆ ಹಿಡಿದ.

"ನಿಂಗೆ ಗೊತ್ತಿತ್ತಾ?"

ಸುಳ್ಳು ಹೇಳಬಹುದಿತ್ತು. ಆದರೆ ನಮ್ಮ ಮನೆಯ ಕೈಮಾತಿನಲ್ಲಿ ಮಾತಾಡುವವರ ಮುಖ ನೋಡದೆ ಏನೂ ತಿಳಿಯುವುದಿಲ್ಲ, ನನ್ನ ಮುಖವನ್ನು ಅವನು ಹುಟ್ಟಿದಾಗಿನಿಂದ ನೋಡುತ್ತಿದ್ದ. "ಗೊತ್ತಿತ್ತು," ಎಂದೆ.

"ಯಾಕೆ?"

ನಾನು ಆ ಹಾಳೆಯನ್ನು ಇಸಿದುಕೊಂಡು ಮಡಿಸತೊಡಗಿದೆ.

"ನೀನು ಕಿಟಕೀಲಿ ನಿಂತು ನೋಡ್ತಿದ್ದೆ," ಎಂದ. "ಮೊದಲ ದಿನದಿಂದ ಗೊತ್ತು ನಂಗೆ. ಅದಕ್ಕೇ ಆಮೇಲಾಮೇಲೆ ಬೆನ್ನು ತಿರುಗಿಸಿ ನಿಲ್ತಿದ್ದೆ. ಅಕ್ಕ ಅಲ್ವಾ ಅಂತ ಸುಮ್ನಿದ್ದೆ. ಆದ್ರೆ ಸುಳ್ಳು ಹೇಳ್ತೀಯ ಅಂದ್ಕೊಂಡಿರ್ಲಿಲ್ಲ."

ಅವನು ಊಟ ಮಾಡದೆ ಮೇಲೆ ಹೋದ. ಮಾರನೆಯ ದಿನ ಊಟದ ಡಬ್ಬಿಯನ್ನು ತೆಗೆದುಕೊಂಡು ಹೋದ, ನನ್ನ ಕಡೆ ನೋಡದೆ. ನೋಡದಿದ್ದರೆ ನಮ್ಮಲ್ಲಿ ಮಾತೂ ಇಲ್ಲ. ನಾಲ್ಕು ದಿನ ಹಾಗೆ ಕಳೆದವು. ಕ್ಷಮೆ ಕೇಳಲು ನಾನು ಅವನ ಮುಂದೆ ಹೋಗಿ ನಿಂತರೆ ಕಣ್ಣು ಬೇರೆ ಕಡೆ ಹೊರಳಿಸಿಬಿಡುತ್ತಿದ್ದ. ಕಿರುಚಿ ಹೇಳೋಣ ಎಂದರೆ ಅದೂ ಆಗದು.

ಭಾನುವಾರ ಬೆಳಿಗ್ಗೆ ವರ್ಕ್‌ಶಾಪಿನಿಂದ ಡ್ರಿಲ್ಲಿಂಗ್ ಮೆಷಿನ್ ತಂದ. ಒಂದು ಸುರುಳಿ ನೀಲಿ ಕೇಬಲ್ಲು, ಇನ್ನೊಂದು ವೈಫೈ ಡಬ್ಬಿ. ರಿಪೀಟರಿನ ಸಹವಾಸವೇ ಬೇಡವೆಂದು ಕೆಳಗಿನಿಂದ ಮೇಲಕ್ಕೆ ನೇರ ತಂತಿ ಎಳೆಯುವುದೆಂದು ತೀರ್ಮಾನಿಸಿದ್ದ. ಹಾಲಿನ ಗೋಡೆಯಲ್ಲಿ ತೂತು ಕೊರೆದು, ಕೇಬಲ್ಲನ್ನು ಹೊರಕ್ಕೆ ಬಿಟ್ಟು, ಮಳೆನೀರಿನ ಪೈಪಿನ ಜೊತೆಗೇ ಮೇಲಕ್ಕೆ ಕೊಂಡೊಯ್ದ. ಏಣಿ ಹಿಡಿಯಲು ಒಬ್ಬರು ಬೇಕಿತ್ತು. ನಾನು ಹೋಗಿ ಹಿಡಿದೆ. ಅವನು ಬೇಡ ಎನ್ನಲಿಲ್ಲ. ಏಣಿಯ ಮೇಲಿಂದ ಕೈ ಚಾಚಿದಾಗ ಕ್ಲಿಪ್ಪು ಕೊಟ್ಟೆ, ಸುತ್ತಿಗೆ ಕೊಟ್ಟೆ. ಮಧ್ಯಾಹ್ನದ ಹೊತ್ತಿಗೆ ಅವನ ಕೋಣೆಯ ಡಬ್ಬಿಯಲ್ಲಿ ಹಸಿರು ದೀಪಗಳು ಮಿನುಗಿದವು. ಆಗ ಅವನು ನನ್ನ ಕಡೆ ತಿರುಗಿದ. ನಾನು ಎರಡೂ ಕಿವಿ ಹಿಡಿದುಕೊಂಡೆ. ಅವನು ನನ್ನ ತಲೆಯ ಮೇಲೆ ಬಿದ್ದಿದ್ದ ಸಿಮೆಂಟಿನ ಪುಡಿ ಕೊಡವಿದ, ಅಷ್ಟೆ.

ಅಂದು ಸಂಜೆ ಏಳಕ್ಕೆ ಮೆಟ್ಟಿಲ ತಿರುವು ಖಾಲಿ. ಏನು ಮಾಡಬೇಕೋ ತೋಚಲಿಲ್ಲ. ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸಿದೆ. ಟಿವಿ ಹಾಕಿದೆ, ಆರಿಸಿದೆ. ಕಾಫಿ ಬೆರೆಸಿಕೊಂಡು, ಕೊಟ್ಟು ಬರುವ ನೆಪದಲ್ಲಿ ತಾರಸಿಯವರೆಗೆ ಹತ್ತಿದೆ. ಅವನ ಬಾಗಿಲು ಮುಚ್ಚಿತ್ತು. ಬಡಿದರೆ ಅವನಿಗೆ ಕೇಳಿಸದು, ತಳ್ಳಿಕೊಂಡೇ ಹೋಗಬೇಕು. ಇಷ್ಟು ವರ್ಷ ಹಾಗೆಯೇ ಹೋಗಿದ್ದೆ. ಅವತ್ತು ಲೋಟ ಹಿಡಿದು ನಿಂತು, ಟ್ಯಾಂಕಿನ ಪಕ್ಕದಲ್ಲೇ ಆ ಕಾಫಿ ಕುಡಿದು ಇಳಿದು ಬಂದೆ.

ಹತ್ತು ಹನ್ನೆರಡು ದಿನದ ಮೇಲೆ ಒಂದು ಸಂಜೆ ನನ್ನ ಫೋನಿಗೆ ಮೆಸೇಜು ಬಂತು. ಎರಡೇ ಪದ: "ಮೇಲೆ ಬಾ." ಹೋದರೆ ಫೋನನ್ನು ಟೇಬಲ್ಲಿನ ಮೇಲೆ ಡಬ್ಬಕ್ಕೆ ಆನಿಸಿ ಕೂತಿದ್ದ. ಪರದೆಯಲ್ಲಿ ಆಕೆ. ಫೋಟೋದಲ್ಲಿ ಕಂಡದ್ದಕ್ಕಿಂತ ಸಣ್ಣ ಮುಖ, ಕನ್ನಡಕ. ನನ್ನನ್ನು ನೋಡಿ ಕೈಮುಗಿದು, ಎರಡೂ ಕೈಗಳಿಂದ ಜಡೆ ಎಳೆದು ತೋರಿಸಿದಳು. ನಾನು ಹೌದೆಂದು ತಲೆಯಾಡಿಸಿದೆ.

ತಮ್ಮ ನಮ್ಮ ಮನೆಯ ಕೈಮಾತಿನಲ್ಲಿ ನಿಧಾನವಾಗಿ ಹೇಳಿದ. "ಇವಳಿಗೆ ಕೆಂಗೇರಿ ಹತ್ರ ಕಿವುಡ ಮಕ್ಕಳ ಶಾಲೇಲಿ ಹೊಲಿಗೆ ಟೀಚರ್ ಕೆಲಸ ಸಿಕ್ಕಿದೆ. ನಾವು ಮದುವೆ ಆಗ್ತೀವಿ. ಅಲ್ಲೇ ಮನೆ ಮಾಡ್ತೀವಿ. ನೀನು ಕೆಲಸದಿಂದ ಬಂದು ಬಾಗಿಲು ಹಾಕ್ಕೊಂಡ್ರೆ ಒಬ್ಳೇ ಆಗ್ತೀಯ. ಅದನ್ನ ನಿಂಗೆ ಹೇಗೆ ಹೇಳೋದು ಅಂತ ಎಷ್ಟು ತಿಂಗಳಿಂದ ಇವಳನ್ನ ಕೇಳ್ತಿದ್ದೆ."

ನಾನು ಊಹಿಸಿದ್ದು ತಪ್ಪೂ ಆಗಿರಲಿಲ್ಲ, ಸರಿಯೂ ಆಗಿರಲಿಲ್ಲ. ಅವನು ಹೋಗುವವನೇ ಇದ್ದ. ಪರದೆಯಲ್ಲಿ ಆಕೆ ಉಸಿರು ಬಿಗಿಹಿಡಿದು ನನ್ನನ್ನೇ ನೋಡುತ್ತಿದ್ದಳು, ಪರೀಕ್ಷೆಯ ಫಲಿತಾಂಶ ಕೇಳಲು ನಮ್ಮ ಆಫೀಸಿಗೆ ಬರುವ ತಾಯಂದಿರ ಹಾಗೆ.

"ಯಾವಾಗ?" ಎಂದು ಕೇಳಿದೆ.

ಮದುವೆ ಆ ವರ್ಷವೇ ಆಯಿತು. ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ, ಆಮೇಲೆ ವಿಜಯನಗರದ ಒಂದು ಪುಟ್ಟ ಛತ್ರದಲ್ಲಿ ಊಟ. ಐವತ್ತು ಅರುವತ್ತು ಜನ ಕಿವುಡರು ಸೇರಿದ್ದ ಆ ಛತ್ರದಲ್ಲಿ ಪಾತ್ರೆಗಳ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ, ಆದರೆ ಮಾತಾಡದೆ ಕೂತವರು ನಾನು ಮತ್ತು ಬಾಡಿಗೆಯವರು ಮಾತ್ರ. ಬಾಗಲಕೋಟೆಯ ಆ ಹೆಂಗಸು ನನ್ನ ಕೈಯನ್ನು ಒಮ್ಮೆ ಒತ್ತಿ, "ಊಟ ಮಾಡ್ರಿ ಅಕ್ಕಾರ," ಎಂದರು.

ಈಗ ತಿಂಗಳಿಗೆ ಎರಡು ಭಾನುವಾರ ಮೆಟ್ರೋ ಹತ್ತಿ ಕೆಂಗೇರಿಗೆ ಹೋಗುತ್ತೇನೆ. ಕಳೆದ ಸಲ ಹೋದಾಗ ಬೆಲ್ ಒತ್ತಿದೆ. ಅವರ ಮನೆಯಲ್ಲಿ ಬೆಲ್ ಒತ್ತಿದರೆ ಒಳಗೆ ಒಂದು ದೀಪ ಹೊತ್ತಿ ಆರುತ್ತದೆ. ಕಿಟಕಿಯ ಪರದೆಯ ಹಿಂದೆ ಅದು ಕಾಣಿಸಿತು. ಯಾರೂ ಬರಲಿಲ್ಲ. ಮತ್ತೆ ಒತ್ತಿದೆ. ಮತ್ತೆ. ಕಿಟಕಿಯ ಸಂದಿಯಿಂದ ಇಣುಕಲು ಕಾಲು ಆ ಕಡೆ ಎಳೆಯುತ್ತಿತ್ತು. ನಾನು ಬಾಗಿಲ ಮುಂದೆಯೇ ನಿಂತುಕೊಂಡೆ. ಸ್ವಲ್ಪ ಹೊತ್ತಿಗೆ ಇಬ್ಬರೂ ಹಿತ್ತಲಿನಿಂದ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದರು. ತಮ್ಮನ ಹೆಂಡತಿ ನನ್ನ ಚೀಲ ಇಸಿದುಕೊಂಡು, ನನಗೆ ತಿಳಿಯಲಿ ಎಂದು ಬೇಕೆಂದೇ ನಿಧಾನವಾಗಿ, ಶಾಲೆಯ ಕೈಮಾತಿನಲ್ಲಿ ಏನೋ ಕೇಳಿದಳು. ನನಗೆ ಅರ್ಥವಾಗಲಿಲ್ಲ. ತಮ್ಮ ಅನುವಾದಿಸಲು ಹೊರಟ. ಅವಳು ಅವನ ಕೈ ಹಿಡಿದು ತಡೆದು, ನನ್ನ ಕಡೆಯೇ ನೋಡುತ್ತಾ, ಹೊಸ ಹುಡುಗಿಗೆ ಪಾಠ ಹೇಳಿಕೊಡುವ ಟೀಚರ್ ಹಾಗೆ, ಇನ್ನೊಂದು ಸಲ ಕೇಳಿದಳು.