ಅರ್ಧ ಗಂಟೆಯ ಸೆಷನ್

ಗೋಡೆಯಾಚೆ ಕೀಬೋರ್ಡಿನ ಟಕಟಕ ನಿಂತಿತೆಂದರೆ ನಾನು ಕಾಫಿಗೆ ನೀರಿಡುತ್ತಿದ್ದೆ. ಸೋಮವಾರಪೇಟೆಯ ನಮ್ಮ ಔಟ್‌ಹೌಸಿನಲ್ಲಿ ಬಾಡಿಗೆಗಿದ್ದ ಹುಡುಗಿ ಚಪ್ಪಲಿ ಅದಲುಬದಲಾಗಿ ಮೆಟ್ಟಿಕೊಂಡು ಓಡಿ ಬರುತ್ತಿದ್ದಳು.

ಜನ ಆ್ಯಪನ್ನು ಎಷ್ಟು ಹೊತ್ತು ಬಳಸುತ್ತಾರೆಂದು ಅಳೆಯುವುದು ಅವಳ ಕೆಲಸ. ಒಂದು ಸಲ ಕೂತು ಓದಿದ್ದು ಒಂದು ಸೆಷನ್; ಅರ್ಧ ಗಂಟೆ ಸ್ಕ್ರೀನ್ ಮುಟ್ಟದಿದ್ದರೆ, ಓದುವವರು ಬಿಟ್ಟು ಹೋದರೆಂದು ಸಾಫ್ಟ್‌ವೇರ್ ಆ ಸೆಷನ್ ಮುಗಿಸಿಬಿಡುತ್ತದೆ. ಆಮೇಲೆ ಮುಟ್ಟಿದರೆ ಹೊಸ ಸೆಷನ್. ಕಥೆ ಓದುವ ಅವರ ಆ್ಯಪನ್ನು ಟ್ರಯಲ್‌ಗೆಂದು ನನ್ನ ಫೋನಿಗೂ ಹಾಕಿದ್ದಳು.

ಒಂದು ದಿನ ಫೋನಿನಲ್ಲಿ ಬಾಸ್ ಜೊತೆ ಜಗಳಕ್ಕೇ ನಿಂತಳು. "ಆಂಟಿ ಬಿಟ್ಟು ಹೋಗಿಲ್ಲ ಸರ್. ಕಣದಲ್ಲಿ ಒಣಗೋಕೆ ಹಾಕಿದ್ದ ಕಾಫಿ ಕೆದಕೋಕೆ ಹೋಗಿದ್ರು. ಬಂದು ಅದೇ ಪುಟ ಓದಿದಾರೆ. ಅದು ಎರಡು ಸೆಷನ್ ಹೇಗಾಗುತ್ತೆ?"

ಮೈ ಗಾಡ್, ನನ್ನ ಪರವಾಗಿ ಅಷ್ಟು ಜೋರಾಗಿ ಯಾರೂ ಮಾತಾಡಿರಲಿಲ್ಲ!

"ಏನಂದ್ರು ನಿಮ್ಮ ಸಾಹೇಬ್ರು?"

"ರೂಲ್ ಅಂದ್ರೆ ರೂಲ್ ಅಂತೆ ಆಂಟಿ. ಅವ್ರ ಮನೇಲಿ ಕಣ ಇಲ್ಲ, ಪಾಪ."

ಕೆಲಸ ಬದಲಾಗಿ ಅವಳು ಊರು ಬಿಟ್ಟ ದಿನ ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ನನ್ನ ಮುಖ ನೋಡಿ, ಕಿಟಕಿಯಿಂದ ಕೈ ಚಾಚಿ ನನ್ನ ಬೆರಳು ಹಿಡಿದಳು.

"ಕಾಫಿ ಕೆದಕೋಕೆ ಹೋಗ್ತಿದೀನಿ ಅಷ್ಟೇ, ಆಂಟಿ."

ಬಸ್ಸು ಹೋಗಿ ಅರ್ಧ ಗಂಟೆ ಮೀರಿದರೂ ನಾನು ಅಲ್ಲೇ ಬೆಂಚಿನ ಮೇಲೆ ಕೂತಿದ್ದೆ.